ಅಡಿವೆವ್ವನ ಉಪ್ಪಿನ ಬಿಲ್ಲೆಗಳು

ಮಗಳು ಸತ್ತಾಗ ಅಡಿವೆವ್ವ ಅಳಲಿಲ್ಲ. ಈ ಸುದ್ದಿ ಅವಳಿಗಿಂತ ಮೊದಲೇ ಅವಳ ಊರು ಜಕ್ಕಲಿಯಿಂದ ಗಜೇಂದ್ರಗಡಕ್ಕೆ ಬಂದು ಮುಟ್ಟಿತ್ತು. ಇಂಥ ಸುದ್ದಿಗೆ ಬಸ್ಸು ಬೇಕಾಗುವುದಿಲ್ಲ, ಸಂತೆಗೆ ಹೋಗುವ ನಾಲ್ಕು ಮಂದಿ ಇದ್ದರೆ ಸಾಕು. ನಮ್ಮ ಕಡೆ ಸತ್ತವರಿಗಾಗಿ ಅಳುವುದೆಂದರೆ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುವುದಲ್ಲ. ಹೆಣದ ಸುತ್ತ ಕೂತು, ಹೋದವಳ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿ, ಎದೆ ಬಡಿದುಕೊಂಡು ಅಳಬೇಕು. ಹೆತ್ತವಳು ಮೊದಲು ಶುರು ಮಾಡಬೇಕು. ಅಡಿವೆವ್ವ ಶುರು ಮಾಡಲೇ ಇಲ್ಲ. ಬಂದ ಹೆಂಗಸರು ಸ್ವಲ್ಪ ಹೊತ್ತು ಕಾದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೊನೆಗೆ ತಾವೇ ಅತ್ತು ಮುಗಿಸಿದರು.

"ಇಕೀದೇನು ಎದೀನೋ ಕಲ್ಲೋ" ಎಂದು ಮೂಗು ಮುರಿದವರೇ ಹೆಚ್ಚು. ಹಾಗೆ ಅಂದವರೆಲ್ಲ ಮನೆಗೆ ಹೋಗಿ ಹೊಟ್ಟೆ ತುಂಬ ರೊಟ್ಟಿ ತಿಂದು ಮಲಗಿದರು ಎಂಬುದನ್ನೂ ಹೇಳಲೇಬೇಕು. ಅಡಿವೆವ್ವನಿಗೆ ಅಳಬೇಕೆಂದು ಇತ್ತು. ಬರಲಿಲ್ಲ, ಅಷ್ಟೇ. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೆ ಬೇರೆ ಯಾರದೋ ಕಾಲನ್ನು ಚಿವುಟಿದಂತೆ ಇರುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಕಾಲಿನ ಜೋಮು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಇಳಿಯುತ್ತದೆ. ಅವಳದು ಇಳಿಯಲಿಲ್ಲ.

ಮಗಳ ಹೆಸರು ಮಾನವ್ವ. ಸೂಡಿಯ ಗ್ಯಾನಪ್ಪನಿಗೆ ಕೊಟ್ಟಿತ್ತು. ಐವತ್ನಾಲ್ಕನೆಯ ಇಸವಿಯ ಪಂಚಮಿ ಹಬ್ಬಕ್ಕೆ ತುಂಬಿದ ಬಸುರಿ ತವರಿಗೆ ಬಂದಳು. ಅಡಿವೆವ್ವನ ಗಂಡ ಪರಶಪ್ಪ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಆದರೂ ಮಗಳು ಬಂದಳೆಂದು ಎಳ್ಳು ಹುರಿದಳು, ಉಂಡಿ ಕಟ್ಟಿದಳು. ಒಲೆಯ ಮುಂದೆ ಕೂತಿದ್ದ ಮಾನವ್ವ, "ಯವ್ವಾ, ಬ್ಯಾಳಿಗೆ ಉಪ್ಪು ಕೊಡಬೇ" ಎಂದು ಹಿಂದಕ್ಕೆ ಕೈಚಾಚಿದಳು. ಅಡಿವೆವ್ವ ಗಡಿಗೆಯಿಂದ ಒಂದಿಷ್ಟು ತೆಗೆದು ಅವಳ ಅಂಗೈಗೇ ಹಾಕಿಬಿಟ್ಟಳು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಆ ಇಬ್ಬರಿಗೂ ಜಗಳ ಬೀಳುತ್ತದೆ ಎಂಬುದು ಕೂಸಿಗೂ ಗೊತ್ತಿರುವ ಮಾತು. ನೆಲಕ್ಕೋ ಮಣೆಗೋ ಇಡಬೇಕು, ಬೇಕಾದವರು ತೆಗೆದುಕೊಳ್ಳಬೇಕು. ಅವಸರದಲ್ಲಿದ್ದಳು, ಮರೆತಳು.

ಸಂಜೆಗೆ ಜಗಳ ಬಿತ್ತು. ಹೆರಿಗೆ ಆಗುವ ತನಕ ಇಲ್ಲೇ ಇರುತ್ತೇನೆ ಎಂದು ಮಾನವ್ವ ಹಟ ಹಿಡಿದಳು, ಈಗ ಬೇಡ ಎಂದು ಅಡಿವೆವ್ವ ಅಂದಳು, ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಮಾನವ್ವ ಉಂಡಿಯ ಗಂಟನ್ನೂ ಮುಟ್ಟದೆ ಸೂಡಿಯ ದಾರಿ ಹಿಡಿದಿದ್ದಳು. ಆಮೇಲೆ ಬಂದದ್ದು ಸಾವಿನ ಸುದ್ದಿಯೇ. ಹೆರಿಗೆಯಲ್ಲಿ ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯಳು ಹುಚ್ಚವ್ವ ಪಕ್ಕಕ್ಕೆ ಬಂದು ಕೂತು, ಹಬ್ಬದ ದಿನ ಏನೇನಾಯಿತೆಂದು ಒಂದೊಂದೇ ಕೇಳಿದಳು.

"ಉಪ್ಪು ಏನರ ಕೈಯಾಗ ಕೊಟ್ಟಿದ್ದೇನ?"

"ಹೂಂ. ಕೊಟ್ಟಿದ್ದೆ."

"ಹಂಗಾರ ಅದ ನೋಡು. ನಿಂದೇನೂ ತಪ್ಪಿಲ್ಲ ತಗಿ. ಉಪ್ಪು ಮಾಡಿದ ಕೆಲಸ ಅದು."

ಅಡಿವೆವ್ವ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಸಂಜೆ ತನ್ನ ಬಾಯಿಂದ ಏನು ಬಂತು ಎಂಬುದನ್ನು ನೆನೆಯುವ ಕೆಲಸವೇ ಉಳಿಯಲಿಲ್ಲ. ಅಂದದ್ದು ತಾನಲ್ಲ, ಉಪ್ಪೇ ತನ್ನಿಂದ ಅನ್ನಿಸಿತ್ತು.

ಊರಲ್ಲಿ ಇರಲಾಗದೆ ಅವಳು ಗಜೇಂದ್ರಗಡಕ್ಕೆ ಬಂದು ಸಿದ್ದವ್ವ ಎಂಬವಳ ಮನೆಗೆಲಸಕ್ಕೆ ಸೇರಿದಳು. ಸಿದ್ದವ್ವನ ಗಂಡ ಪ್ರಭುಲಿಂಗಪ್ಪ ಸಾವಕಾರರದು ಹತ್ತಿ, ಕಾಳಿನ ವ್ಯಾಪಾರ. ತಿಂಗಳಲ್ಲಿ ಹೆಚ್ಚು ದಿನ ನರಗುಂದದ ಅಂಗಡಿಯಲ್ಲೇ ಇರುತ್ತಿದ್ದರು. ದೊಡ್ಡ ಮನೆ, ಕೈತುಂಬ ಕೆಲಸ. ಅಡಿವೆವ್ವ ಕಸ ಹೊಡೆದಳು, ಬೀಸಿದಳು, ಕುಟ್ಟಿದಳು, ಮುಸುರೆ ತಿಕ್ಕಿದಳು. ಹಾಕಿದ್ದನ್ನು ಉಂಡಳು. ಸಾರಿಗೆ ಖಾರ ಹೆಚ್ಚಾದ ದಿನ ಮನೆಯವರೆಲ್ಲ ಬಾಯಿ ಬಾಯಿ ಬಡಿದುಕೊಂಡರೆ ಅವಳು ಸುಮ್ಮನೆ ಉಂಡು ಕೈತೊಳೆದು ಎದ್ದಳು. "ಇಕೀಗೆ ನಾಲಗಿ ಐತೋ ಇಲ್ಲೋ" ಎಂದು ಸಿದ್ದವ್ವ ನಗುತ್ತಿದ್ದಳು. ಅವಳಿಗೆ ಇಂಥ ಆಳು ಸಿಕ್ಕದ್ದು ಒಳ್ಳೆಯದೇ ಆಗಿತ್ತು.

ಸಿದ್ದವ್ವನ ಒಬ್ಬನೇ ಮಗ ಮಹಾಲಿಂಗಪ್ಪ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಮುಂಬಯಿಯ ಒಂದು ಪ್ರಯೋಗಶಾಲೆ ಸೇರಿದ್ದ. ಮಗ ಓದಿ ಬಂದು ಎಣ್ಣೆಯ ಗಿರಣಿ ಹಾಕುತ್ತಾನೆಂದು ಅಪ್ಪ ಕಾದರೆ ಮಗ ಹಿಡಿದದ್ದು ಮಣ್ಣು. ಪ್ರತಿ ಸಲ ಊರಿಗೆ ಬಂದಾಗ ಗುಡ್ಡದ ಬುಡದ ಜೇಡಿಮಣ್ಣನ್ನು ಚೀಲ ತುಂಬಿಕೊಂಡು ಹೋಗುತ್ತಿದ್ದ. ಬಜಾರದ ಮಂದಿಗೆ ಇದೊಂದು ದೊಡ್ಡ ತಮಾಷೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಮುಂಬಯಿಯ ಹೊರಗೆ ಆಗ ಹೊಸದಾಗಿ ಎದ್ದ ಕಾರಖಾನೆಗಳಲ್ಲಿ ನೆಲದಿಂದ ತೆಗೆದ ದಪ್ಪ ಎಣ್ಣೆಯನ್ನು ಒಡೆದು ಪೆಟ್ರೋಲು ಮಾಡಬೇಕಿತ್ತು. ಆ ಎಣ್ಣೆಯ ಹಬೆಯನ್ನು ಕಾದ ಮಣ್ಣಿನ ಮೇಲೆ ಹಾಯಿಸಿದರೆ ಬೇಗ ಒಡೆಯುತ್ತದೆ. ಒಡೆಸುವ ಮಣ್ಣು ಮಾತ್ರ ಖರ್ಚಾಗದೆ ಹಾಗೇ ಉಳಿಯುತ್ತದೆ. ಅಂಥದ್ದಕ್ಕೆ ವೇಗವರ್ಧಕ ಅನ್ನುತ್ತಾರೆ. ಅದರ ಶಕ್ತಿಯೆಲ್ಲ ಅದರ ಮೈಮೇಲಿನ ಹುಳಿಯಲ್ಲಿ, ಅಂದರೆ ಆಮ್ಲದಲ್ಲಿ. ಆ ಹುಳಿ ಎಷ್ಟಿದೆ, ಯಾವ ಜಾತಿಯದು ಎಂದು ಕಂಡುಹಿಡಿಯುವುದೇ ಮಹಾಲಿಂಗಪ್ಪನ ಕೆಲಸ.

ಅದನ್ನು ಕಾಣುವುದಕ್ಕೆ ಅವಕೆಂಪು ಬೆಳಕು ಬೇಕು, ಕಣ್ಣಿಗೆ ಕಾಣದ ಬೆಳಕು. ಮಣ್ಣನ್ನು ತೆಳ್ಳಗೆ ಹಪ್ಪಳದಂತೆ ಒತ್ತಿ, ಒಂದು ಕೊಳವೆಯಲ್ಲಿಟ್ಟು, ಒಂದು ತುದಿಯಿಂದ ಆ ಬೆಳಕನ್ನು ಹಾಯಿಸಿ, ಇನ್ನೊಂದು ತುದಿಯಲ್ಲಿ ಎಷ್ಟು ಉಳಿಯಿತೆಂದು ಅಳೆಯಬೇಕು. ಕೊಳವೆಯ ಎರಡೂ ತುದಿಗೆ ಕಿಟಕಿ ಬೇಕು. ಗಾಜು ಆ ಬೆಳಕನ್ನು ನುಂಗಿಬಿಡುತ್ತದೆ. ಉಪ್ಪು ನುಂಗುವುದಿಲ್ಲ. ಅದಕ್ಕೆಂದೇ ಪರದೇಶದಿಂದ ಬಂದ, ಗಾಜಿನಷ್ಟೇ ತಿಳಿಯಾದ, ದೊಡ್ಡ ರೂಪಾಯಿಯಗಲದ ಉಪ್ಪಿನ ಬಿಲ್ಲೆಗಳು ಅವನ ಬಳಿ ಇದ್ದವು.

ಉಪ್ಪಿಗೂ ಮುಂಬಯಿಯ ಮಳೆಗಾಲಕ್ಕೂ ಆಗಿಬರುವುದಿಲ್ಲ. ಹಸಿ ಗಾಳಿ ತಾಗಿದರೆ ಬಿಲ್ಲೆಗಳು ಪೊರೆ ಬಂದ ಕಣ್ಣಿನಂತಾಗುತ್ತಿದ್ದವು. ತಿಕ್ಕಿ ಹೊಳಪಿಗೆ ತರಬೇಕೆಂದರೆ ಮಹಾಲಿಂಗಪ್ಪನ ಅಂಗೈಗಳು ಸದಾ ಒದ್ದೆ. ಯಾರಾದರೂ ಹೆಸರು ಕೇಳಿದರೆ ಸಾಕು, ಬೆವರುವ ಕುಳ ಅವನು. ಹಾಗಾಗಿ ಬೇಸಿಗೆಯ ರಜೆಗೆ ಬರುವಾಗ ಬಿಲ್ಲೆಗಳನ್ನೆಲ್ಲ ಡಬ್ಬಿಯಲ್ಲಿಟ್ಟು ಊರಿಗೆ ತಂದ. ಗಜೇಂದ್ರಗಡದ ಬಿಸಿಲಲ್ಲಿ ಹಪ್ಪಳಕ್ಕೂ ಉಪ್ಪಿಗೂ ಯಾವ ಭಯವೂ ಇಲ್ಲ ಎಂಬುದು ಅವನ ಲೆಕ್ಕ. ಊರಿನ ಗಾಳಿ ಒಣಗಿತ್ತು ನಿಜ, ಅವನ ಕೈ ಒಣಗಿರಲಿಲ್ಲ. ಎರಡು ಬಿಲ್ಲೆಗಳ ಮೇಲೆ ಹೆಬ್ಬೆಟ್ಟಿನ ಗುರುತು ಒತ್ತಿ ಕೆಡಿಸಿಕೊಂಡು ತಲೆಗೆ ಕೈಹಚ್ಚಿ ಕೂತಿದ್ದಾಗ ಅಡಿವೆವ್ವ ತಂಬಿಗೆ ಹಿಡಿದು ಕೋಣೆಗೆ ಬಂದಳು.

"ನೀರು ತರಬ್ಯಾಡ! ಅಲ್ಲೇ ನಿಲ್ಲು!" ಎಂದು ಅವನು ಕಿರುಚಿದ.

ಬೇರೆ ಯಾರಾದರೂ ಆಗಿದ್ದರೆ ತಂಬಿಗೆ ಕೆಡವುತ್ತಿದ್ದರು. ಅವಳು ಹೊಸ್ತಿಲಾಚೆ ತಂಬಿಗೆ ಇಟ್ಟು, ಸೆರಗಿಗೆ ಕೈ ಒರೆಸಿ, ಒಳಗೆ ಬಂದು ಒಂದು ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಇಟ್ಟಾಗ ಬಿಲ್ಲೆಯ ಮೇಲೆ ಗುರುತಿರಲಿಲ್ಲ. ಮಹಾಲಿಂಗಪ್ಪ ಅವಳ ಕೈ ನೋಡಿದ.

"ನೀ ಬ್ಯಾಸಗ್ಯಾಗೂ ಬೆವರೂದಿಲ್ಲೇನು?"

"ಮೊದಲ ಬೆವರತಿದ್ನಿರಿ. ಈಗ ಇಲ್ರಿ."

ಹೀಗೆ ಅಡಿವೆವ್ವನಿಗೆ ಹೊಸ ಕೆಲಸ ಬಂತು. ಮೊದಲು ನುಣ್ಣನೆಯ ಉಸುಕಿನ ಕಾಗದದ ಮೇಲೆ ತಿಕ್ಕಬೇಕು. ಆಮೇಲೆ ಬಿಗಿದ ರೇಷ್ಮೆ ಬಟ್ಟೆಯ ಮೇಲೆ ಕೆಂಪು ಪುಡಿ ಹಾಕಿ, ಒಂದು ಹನಿ ಸ್ಪಿರಿಟ್ಟು ಬಿಟ್ಟು, ಸುತ್ತ ಸುತ್ತ ತಿರುಗಿಸಬೇಕು. ಉಸಿರು ತಾಗದಂತೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಾತಾಡಬಾರದು. ಶುರುವಿನಲ್ಲಿ ಅವಳೂ ಕೆಲವನ್ನು ಗೀರಿ ಕೆಡಿಸಿದಳು. ಬರಬರುತ್ತ ಕೈ ಕೂತಿತು. ಏನೂ ಅನ್ನಿಸದೆ ಮಧ್ಯಾಹ್ನವೆಲ್ಲ ಕೂತು ಒಂದೇ ಸಮನೆ ತಿಕ್ಕುವ ಕೆಲಸ ಯಾರಿಗೆ ಬೇಕು ಹೇಳಿ. ಅವಳಿಗೆ ಬೇಕಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಬಿಲ್ಲೆ ತಯಾರಾಯಿತೆಂದು ಮಹಾಲಿಂಗಪ್ಪ ಕೈ ಚಾಚಿದರೆ ಅವಳು ಮಣೆಯ ಮೇಲೆ ಇಡುವಳು.

"ಯಾಕ, ನನ್ನ ಕೈಯಾಗ ಕೊಟ್ಟರ ಏನಾಕ್ಕೈತಿ?"

"ಉಪ್ಪರಿ ಅದು, ಸಣ್ಣ ಧಣ್ಯಾರ."

"ಇದು ಅಡಗಿ ಉಪ್ಪಲ್ಲ ಮಾರಾಯ್ತಿ."

"ನಾ ನೆಕ್ಕಿ ನೋಡೀನ್ರಿ. ಅದ ಉಪ್ಪು."

ಅವನು ಬಿದ್ದು ಬಿದ್ದು ನಕ್ಕ. ಆಗ ಅವಳು ಬಾಯಿಯ ಬಟ್ಟೆ ಬಿಚ್ಚಿ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ, ಪಂಚಮಿಯ ದಿನದ ಉಪ್ಪು, ಜಗಳ, ಸಾವು ಎಲ್ಲ ಹೇಳಿದಳು. ಮಹಾಲಿಂಗಪ್ಪನ ನಗು ಅಲ್ಲೇ ನಿಂತಿತು.

"ಅದೆಲ್ಲಾ ಬರೇ ಮಾತು, ಅಡಿವೆವ್ವಾ. ಜಗಳಾ ಹಚ್ಚೂದು ಉಪ್ಪಿಗೇನು ಗೊತ್ತು?" ಅಂದ.

"ಹಂಗಾರ ಯಾರಿಗೆ ಗೊತ್ತರಿ?"

ಅವನು ಮಣೆಯ ಮೇಲಿನ ಬಿಲ್ಲೆಯನ್ನು ತಾನೇ ಎತ್ತಿಕೊಂಡ. ಓದಿದವನಾದರೂ ಅಷ್ಟು ತಿಳಿವಳಿಕೆ ಇತ್ತು. ಮಣೆಯ ಮೇಲಿನ ಬಿಲ್ಲೆಯನ್ನು ತಾನೇ ಎತ್ತಿಕೊಂಡ.

ಮಾತು ಬದಲಿಸಲೆಂದೋ ಏನೋ, ಅವನು ತನ್ನ ಕೆಲಸದ ಬಗ್ಗೆ ಹೇಳತೊಡಗಿದ. ಆ ಮಣ್ಣಿನ ಹಪ್ಪಳವನ್ನು ಕೊಳವೆಯಲ್ಲಿ ಕಾಸಿ, ಗಾಳಿಯನ್ನೂ ನೀರಿನ ಅಂಶವನ್ನೂ ಎಳೆದು ತೆಗೆಯುತ್ತಾರೆ. ಆಮೇಲೆ ಸ್ವಲ್ಪವೇ ಅಮೋನಿಯಾ ಬಿಡುತ್ತಾರೆ. ಬೆಳಗ್ಗೆ ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುತ್ತದಲ್ಲ, ಆ ವಾಸನೆಯೇ. ಅದು ಕ್ಷಾರ. ಹುಳಿ ಇದ್ದಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಬೆಳಕಿನ ಒಂದು ಪಾಲನ್ನು ತಿನ್ನುತ್ತದೆ. ಯಾವ ಪಾಲು ತಿಂದಿತು ಎಂದು ನೋಡಿದರೆ ಯಾವ ಜಾತಿಯ ಹುಳಿ ಎಂದು ತಿಳಿಯುತ್ತದೆ. ಬೂದಿಯಂಥ ಕ್ಷಾರದ ಪದಾರ್ಥವಾದರೆ ಅಮೋನಿಯಾ ಬಿಟ್ಟು, ನಾವು ಹೊರಗೆ ಬಿಡುವ ಉಸಿರಿನಲ್ಲಿರುವ ಅನಿಲವನ್ನು ಬಿಡುತ್ತಾರೆ.

"ನೀರೆಲ್ಲಾ ತಗದ ಮ್ಯಾಲ ಆ ಮಣ್ಣು ಸತ್ತಂಗಲ್ಲೇನ್ರಿ?" ಎಂದು ಅಡಿವೆವ್ವ ಕೇಳಿದಳು.

"ನೋಡಾಕ ಹಂಗ ಕಾಣತೈತಿ. ಹುಳಿ ಮಾತ್ರ ಎಲ್ಲೂ ಹೋಗಿರೂದಿಲ್ಲ."

ಅವಳು ಹೂಂಗುಟ್ಟಿ ಮತ್ತೆ ಬಾಯಿಗೆ ಬಟ್ಟೆ ಕಟ್ಟಿಕೊಂಡಳು.

ಐವತ್ತೆಂಟರ ಬೇಸಿಗೆಗೆ ಬಂದಾಗ ಮಹಾಲಿಂಗಪ್ಪನ ಮುಖ ಬಾಡಿತ್ತು. ಪರದೇಶದ ಸಾಮಾನು ತರಿಸಲು ಸರ್ಕಾರದ ಪರವಾನಗಿ ಸಿಗುತ್ತಿರಲಿಲ್ಲ. ಕೊಳವೆಗೆ ಹೊಂದುವ ಬಿಲ್ಲೆಗಳಲ್ಲಿ ಇನ್ನು ಒಂದೇ ಜೋಡಿ ಉಳಿದಿತ್ತು. ಅವು ಈ ಮಳೆಗಾಲ ತಾಳಿದರೆ ಅವನ ಕೆಲಸ ಮುಗಿಯುತ್ತದೆ, ತಾಳದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಅಡಿವೆವ್ವ ಆ ಜೋಡಿಗೆ ಬೇಸಿಗೆಯೆಲ್ಲ ಕೂತಳು.

ಅವನು ಹೊರಡುವ ದಿನ ಮಧ್ಯಾಹ್ನ ಅಡ್ಡಮಳೆ ಹೊಯ್ಯಿತು. ಗುಡುಗು, ಗಾಳಿ, ಆಣೆಕಲ್ಲು. ಬೇಸಿಗೆಯ ಬಿಸಿಲಿಗೆ ಬಿರಿದಿದ್ದ ಮಣ್ಣಿನ ಮಾಳಿಗೆ ಒಂದೇ ಗಳಿಗೆಯಲ್ಲಿ ಅಲ್ಲಲ್ಲಿ ಸೋರತೊಡಗಿತು. ಒಂದು ಬಿಲ್ಲೆ ಡಬ್ಬಿ ಸೇರಿತ್ತು. ಇನ್ನೊಂದು ಅಡಿವೆವ್ವನ ಬೆರಳುಗಳ ನಡುವೆ ಇತ್ತು. ಮಹಾಲಿಂಗಪ್ಪ ತೆರೆದ ಡಬ್ಬಿಯನ್ನು ಕೋಟಿನೊಳಗೆ ಎದೆಗವಚಿಕೊಂಡು ಕೈ ಚಾಚಿದ.

ಅವಳು ಮಣೆಯ ಕಡೆ ಬಗ್ಗಿದಳು. ಮಣೆಯ ನಡುವೆ ಟಪ್ಪೆಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ನೆಲವೂ ಒದ್ದೆ, ಮಂಚವೂ ಒದ್ದೆ.

"ಕೈಯಾಗ ಕೊಡು!"

"ಬ್ಯಾಡ್ರಿ. ನನಗೂ ನಿಮಗೂ ಜಗಳ ಬೀಳತೈತ್ರಿ."

"ಬಿದ್ದರ ಬೀಳ್ಲಿ, ಕೊಡ ಲಗೂ!"

ಅವಳು ಕೊಟ್ಟಳು. ಅಂಚು ಹಿಡಿದು ಕೊಟ್ಟಳು, ಅಂಚು ಹಿಡಿದು ಅವನು ತೆಗೆದುಕೊಂಡ. ಡಬ್ಬಿ ಮುಚ್ಚಿತು. ಅವನು ಮುಚ್ಚಳಕ್ಕೆ ಮೇಣ ಬಳಿದು, ತಾಯಿಯ ಕಾಲು ಮುಟ್ಟಿ, ನೆನೆಯುತ್ತಲೇ ಗದಗಿನ ಬಸ್ಸಿಗೆ ಓಡಿದ.

ಅಂದಿನಿಂದ ಅಡಿವೆವ್ವ ಜಗಳಕ್ಕೆ ಕಾದಳು. ಮೊದಲು ಅಂಜಿಕೆಯಿಂದ ಕಾದಳು. ಆಮೇಲೆ ಅದು ಅಂಜಿಕೆ ಅಲ್ಲವೆಂದು ಅವಳಿಗೇ ತಿಳಿಯಿತು. ಜಗಳ ಬಂದರೆ ಹುಚ್ಚವ್ವ ಹೇಳಿದ್ದು ಖರೆ, ಮಾನವ್ವನನ್ನು ತವರಿನಿಂದ ಅಟ್ಟಿದ್ದು ಉಪ್ಪು. ಜಗಳ ಬಾರದಿದ್ದರೆ? ಅಲ್ಲಿಗೆ ಬಂದಾಗ ಅವಳು ಬೀಸುವ ಕಲ್ಲಿನ ಗೂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಬೀಸುತ್ತಿದ್ದಳು. ಆಷಾಢ ಹೋಯಿತು, ಪಂಚಮಿ ಬಂದು ಹೋಯಿತು, ದಸರೆ ಬಂದು ಹೋಯಿತು.

"ಅವ್ವಾರ, ಸಣ್ಣ ಧಣ್ಯಾರು ನನ್ನ ಮ್ಯಾಲೆ ಸಿಟ್ಟಾಗ್ಯಾರೇನ್ರಿ?" ಎಂದು ಆಗಾಗ ಸಿದ್ದವ್ವನನ್ನು ಕೇಳುವಳು.

"ಅವಗೆಲ್ಲಿ ಸಿಟ್ಟು ಬರತೈತಿ? ಹುಟ್ಟಿದಾಗಿಂದ ನಾ ನೋಡಿಲ್ಲ" ಎಂದು ಸಿದ್ದವ್ವ ಅನ್ನುವಳು.

ದೀಪಾವಳಿಗೆ ಮಹಾಲಿಂಗಪ್ಪ ಬಂದ. ಬಾಗಿಲಲ್ಲೇ "ಅಡಿವೆವ್ವಾ!" ಎಂದು ಕೂಗಿದ. ಬಿಲ್ಲೆಗಳು ಇಡೀ ಮಳೆಗಾಲ ತಾಳಿದ್ದವು. ನಮ್ಮ ಗುಡ್ಡದ ಮಣ್ಣಿನಲ್ಲಿ ಎರಡು ಜಾತಿಯ ಹುಳಿ ಇರುವುದು ಗೆರೆ ಎಳೆದಂತೆ ಬೇರೆ ಬೇರೆಯಾಗಿ ಕಂಡಿತ್ತು. ಪ್ರಯೋಗಶಾಲೆಯ ಹಿರಿಯರು ಬೆನ್ನು ತಟ್ಟಿದ್ದರು. ಅವಳಿಗೆಂದು ಇಳಕಲ್ಲಿನ ಸೀರೆ ತಂದಿದ್ದ. ಡಬ್ಬಿಯನ್ನೂ ತಂದಿದ್ದ, ಇನ್ನೊಂದು ವರ್ಷ ಅದೇ ಜೋಡಿಯಲ್ಲಿ ಬೂದಿಯಂಥ ಪದಾರ್ಥಗಳನ್ನು ನೋಡಬೇಕೆಂದು.

ಅಡಿವೆವ್ವ ಸೀರೆ ಮುಟ್ಟಲಿಲ್ಲ. "ನನಗ್ಯಾಕ ಬೇಕು ನಿಮ್ಮ ಸೀರಿ?" ಅಂದಳು. ಅವನು ನಕ್ಕ. "ಮಣ್ಣು ನೋಡಿ ನೋಡಿ ನಿಮ್ಮ ತಲ್ಯಾಗೂ ಮಣ್ಣ ತುಂಬೈತಿ" ಅಂದಳು. ಕೆಲಸದವಳು ಧಣಿಯ ಮಗನಿಗೆ ಅನ್ನುವ ಮಾತೇ ಅದು? ಅವನು ಇನ್ನೂ ಜೋರಾಗಿ ನಕ್ಕ, "ಮುಂಬಯಿ ಮಂದೀನೂ ಹಂಗ ಅಂತಾರ" ಅಂದ. ಆಗ ಅವಳು ಡಬ್ಬಿಯ ಮೇಣ ಕಿತ್ತು, ಒಂದು ಬಿಲ್ಲೆ ತೆಗೆದು, ಅವನ ಕಣ್ಣೆದುರೇ ನೀರಿನ ತಂಬಿಗೆಯೊಳಗೆ ಹಾಕಿಬಿಟ್ಟಳು.

ಮಹಾಲಿಂಗಪ್ಪ ತಂಬಿಗೆಯೊಳಗೆ ಕೈ ಅದ್ದಿ ತೆಗೆದ. ಹೊಳಪು ಹೋಗಿತ್ತು, ಅಂಚು ಕರಗಿ ಜಾರುತ್ತಿತ್ತು. ಅವನ ಮುಖ ಕೆಂಪೇರಿತು. ಅಡಿವೆವ್ವ ಅವನ ಬಾಯನ್ನೇ ನೋಡುತ್ತ ನಿಂತಳು.

"ಬೈರಿ. ಹೊಡೀರಿ ಬೇಕಾರ. ಕೈಯಾಗ ಉಪ್ಪು ಕೊಟ್ಟೀನ್ರಿ ನಿಮಗ. ಜಗಳಾಡ್ರಿ ನನ್ನ ಕೂಡ."

ಅವನಿಗೆ ಆಗ ಅರ್ಥವಾಯಿತು. ಎರಡು ಕೆಟ್ಟ ಮಾತು ಆಡಿಬಿಟ್ಟಿದ್ದರೆ ಅವಳು ಸಾಯುವ ತನಕ ಉಪ್ಪನ್ನೇ ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದಳೇನೋ. ಅಷ್ಟು ಸುಳ್ಳು ಅವನ ಕೈಲಾಗಲಿಲ್ಲ. ಬಂದ ಸಿಟ್ಟು ಅವಳ ಮುಖ ನೋಡಿ ಇಳಿದುಹೋಗಿತ್ತು.

"ಜಗಳಾಡಬೇಕು ಅನಸವಲ್ದು, ಅಡಿವೆವ್ವಾ" ಅಂದ.

ಅವಳು ನಿಂತಲ್ಲೇ ಕುಸಿದು ಕೂತಳು.

"ಹಂಗಾರ ಆ ಮಾತು ನಾನ ಅಂದಿದ್ನಿರಿ" ಅಂದಳು. "ಇಲ್ಲೇ ಹಡಿತೀನಬೇ ಅಂತ ಕಾಲ ಹಿಡಕೊಂಡಿದ್ಳ್ರಿ. ನಿಮ್ಮಪ್ಪನ್ನ ನುಂಗಿದಿ, ಈಗ ನನ್ನ ನುಂಗಾಕ ಬಂದೀಯೇನ ಅಂದೆ. ಹಡದರ ಅಲ್ಲೇ ಹಡಿ, ಸತ್ತರ ಅಲ್ಲೇ ಸಾಯಿ ಅಂದೆ. ಉಪ್ಪಲ್ರಿ. ನಾ ಅಂದಿದ್ದು."

ಒಳಗೆ ಹಬ್ಬದ ಅಡುಗೆ ಮಾಡುತ್ತಿದ್ದ ಸಿದ್ದವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅಡಿವೆವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನೋವು ಎಲ್ಲಿಂದಲೋ ಬಂದು ಅವಳ ಎದೆ, ಹೊಟ್ಟೆ, ಬೆನ್ನು ಎಲ್ಲವನ್ನೂ ಹಿಡಿಯಿತು. "ಮಾನವ್ವಾ! ನನ್ನ ಮಾನವ್ವಾ!" ಎಂದು ಓಣಿಗೆಲ್ಲ ಕೇಳುವಂತೆ ಕರೆದಳು. ಕೂಸನ್ನೂ ಕರೆಯಬೇಕೆಂದು ಬಾಯಿ ತೆರೆದಳು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.